ಕಿವಿಗೊಟ್ಟ ತಪ್ಪಿಗೆ ಕೊಂದರು!

1998ರ ಏಪ್ರಿಲ್ 26. ಭಾನುವಾರ. ರಾತ್ರಿ ಸುಮಾರು ಹತ್ತು ಗಂಟೆ. ಎಪ್ಪತ್ತೈದು ವರ್ಷದ ಹಿರಿಯರೊಬ್ಬರು ತಮ್ಮವರ ಮನೆಯಲ್ಲಿ ಊಟ ಮುಗಿಸಿ, ತಾವೇ ಕಾರು ನಡೆಸಿಕೊಂಡು ವಾಪಸು ಬಂದರು. ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ ಇಳಿದರು. ಅಲ್ಲಿ ಹೊಂಚು ಹಾಕಿದ್ದವರು ಕಾಂಕ್ರೀಟ್ ಕಲ್ಲಿನಿಂದ ಅವರ ಮುಖ, ತಲೆ ಜಜ್ಜಿ ಹಾಕಿದರು. ಗುರುತು ಹಿಡಿಯಲು ಮುಖವೇ ಉಳಿದಿರಲಿಲ್ಲ. ಬೆರಳಲ್ಲಿದ್ದ ಬಿಷಪ್ ಉಂಗುರ ನೋಡಿ ಇಂಥವರೆಂದು ತಿಳಿಯಬೇಕಾಯಿತು.

ಇವರು ಮಾಡಿದ ಅಪರಾಧ ಏನು? ಎರಡು ದಿನ ಮೊದಲು, ಏಪ್ರಿಲ್ 24ರಂದು, ಆ ದೇಶದ ರಾಜಧಾನಿಯ ಪ್ರಧಾನಾಲಯದಲ್ಲಿ ನಿಂತು ಒಂದು ಪುಸ್ತಕ ಬಿಡುಗಡೆ ಮಾಡಿದ್ದರು. ಅಷ್ಟೇ. ಪ್ರೆಸ್ ನಡೆಸಿ ಹೊಟ್ಟೆ ಹೊರೆಯುವ ನಾನು ಎಷ್ಟೋ ಪುಸ್ತಕ ಬಿಡುಗಡೆ ನೋಡಿದ್ದೇನೆ. ಹಾರ, ಶಾಲು, ಸೇಬಿನ ಬುಟ್ಟಿ, ಎರಡು ಗಂಟೆ ಭಾಷಣ, ಆಮೇಲೆ ಉಪ್ಪಿಟ್ಟು. ಪುಸ್ತಕ ಬಿಡುಗಡೆ ಮಾಡಿದವರನ್ನು ಎರಡೇ ದಿನದಲ್ಲಿ ಕಲ್ಲಿನಿಂದ ಜಜ್ಜಿ ಕೊಲ್ಲಬೇಕು ಅನ್ನಿಸುವಂಥದ್ದು ಆ ಪುಸ್ತಕದಲ್ಲಿ ಏನಿತ್ತು? ಅದನ್ನು ಹೇಳುವುದಕ್ಕೇ ಈ ವಾರದ ಸಂಪಾದಕೀಯದ ಜಾಗ ಪೂರ್ತಿ ತೆಗೆದುಕೊಂಡಿದ್ದೇನೆ. ನಮ್ಮ ಹುಡುಗರು ಬೇಸರಿಸದೆ ಓದಬೇಕು.

ದೇಶ ಗ್ವಾಟೆಮಾಲಾ. ಅಮೆರಿಕಾ ಖಂಡದ ನಡುವೆ, ಮೆಕ್ಸಿಕೋಗೆ ಅಂಟಿಕೊಂಡಂತೆ ಇರುವ ಬೆಟ್ಟಗುಡ್ಡದ ದೇಶ. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ಸತ್ತವರ ಹೆಸರು ಹುವಾನ್ ಹೊಸೆ ಹೆರಾರ್ದಿ ಕೊನೆದೆರಾ. ಇಂಗ್ಲಿಷ್ ಅಕ್ಷರ ನೋಡಿ ಓದುವವರು ಜೆರಾರ್ಡಿ ಅನ್ನುತ್ತಾರೆ. ಅವರ ಜನ ಕರೆಯುತ್ತಿದ್ದದ್ದು ಹೆರಾರ್ದಿ ಎಂದೇ. ನಾವೂ ಹಾಗೇ ಕರೆಯೋಣ. ನಮ್ಮ ಊರಿನ ಹೆಸರನ್ನು ಕಂಡವರು ಕಂಡಂತೆ ಉಚ್ಚರಿಸಿದಾಗ ನಮಗೆ ಎಷ್ಟು ಸಿಟ್ಟು ಬರುತ್ತದೆಂದು ಗೊತ್ತಲ್ಲ!

ಹುದ್ದೆಯಲ್ಲಿ ಅವರು ಕಥೋಲಿಕ ಚರ್ಚಿನ ಸಹಾಯಕ ಧರ್ಮಾಧ್ಯಕ್ಷರು, ಅಂದರೆ ಸಹಾಯಕ ಬಿಷಪ್. ಚರ್ಚಿನ ಲೆಕ್ಕ ತಿಳಿಯದವರಿಗೆ ಒಂದು ಮಾತು. ಒಂದು ಧರ್ಮಪ್ರಾಂತ್ಯಕ್ಕೆ ಒಬ್ಬ ಬಿಷಪ್ ಇರುತ್ತಾರೆ. ಪ್ರಾಂತ್ಯ ದೊಡ್ಡದಾದರೆ ಅವರ ಕೈಕೆಳಗೆ ಸಹಾಯಕ ಬಿಷಪ್ಪರನ್ನು ನೇಮಿಸುತ್ತಾರೆ. ಉಂಗುರ ಇರುತ್ತದೆ, ಟೋಪಿ ಇರುತ್ತದೆ, ಗದ್ದುಗೆ ಮಾತ್ರ ಇರುವುದಿಲ್ಲ. ಸಾಮಾನ್ಯವಾಗಿ ಸಹಾಯಕರಾದವರು ಮುಂದೆ ಬಡ್ತಿ ಪಡೆದು ಸ್ವಂತ ಪ್ರಾಂತ್ಯಕ್ಕೆ ಹೋಗುತ್ತಾರೆ. ಹೆರಾರ್ದಿಯವರದ್ದು ಉಲ್ಟಾ. ಮೊದಲು ಎರಡು ಪ್ರಾಂತ್ಯಗಳಿಗೆ ಪೂರ್ಣ ಬಿಷಪ್ಪರಾಗಿದ್ದು, ಕೊನೆಗೆ ಸಹಾಯಕರಾದವರು. ಯಾಕೆ ಹಾಗಾಯಿತು ಅನ್ನುವುದರಲ್ಲೇ ಅವರ ಬದುಕಿನ ಕಥೆ ಇದೆ.

ಅದಕ್ಕೂ ಮೊದಲು ಆ ನೆಲದ ನುಡಿಯ ವಿಚಾರ. ಗ್ವಾಟೆಮಾಲಾದ ಮೂಲ ಜನ ಮಾಯಾ ಜನ. 2018ರ ಜನಗಣತಿಯಲ್ಲಿ ನೂರಕ್ಕೆ ನಲವತ್ತೊಂದಕ್ಕೂ ಹೆಚ್ಚು ಮಂದಿ ತಾವು ಮಾಯಾ ಎಂದು ಬರೆಸಿದ್ದಾರೆ. ಅವರ ಭಾಷೆ ಒಂದಲ್ಲ, 22. ಕಿಚೆ, ಕೆಕ್ಚಿ, ಮಾಮ್, ಕಕ್ಚಿಕೆಲ್, ಇಶೀಲ್... ಕೆಲವನ್ನು ಹತ್ತು ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. ಇತ್ಸಾ ಎಂಬುದನ್ನು ಆಡುವವರು ಬೆರಳೆಣಿಕೆಯ ಮುದುಕರು. ಸರ್ಕಾರ, ಕೋರ್ಟು, ಸೈನ್ಯ, ಕಾಲೇಜು ಎಲ್ಲಾ ಸ್ಪ್ಯಾನಿಷ್. ಐನೂರು ವರ್ಷದ ಹಿಂದೆ ಕುದುರೆ ಹತ್ತಿ ಬಂದವರ ಭಾಷೆ.

ಕುದುರೆಯ ಹಿಂದೆಯೇ ಶಿಲುಬೆಯೂ ಬಂತು. ಇಲ್ಲಿ ಸುಳ್ಳು ಹೇಳಬಾರದು. ಮಾಯಾ ಜನರಿಗೆ ತಮ್ಮದೇ ಲಿಪಿ ಇತ್ತು, ಪುಸ್ತಕಗಳಿದ್ದವು. ಪಕ್ಕದ ಯುಕಟಾನಿನ ಮನಿ ಎಂಬ ಊರಿನಲ್ಲಿ 1562ರಲ್ಲಿ ದಿಯೆಗೋ ದೆ ಲಾಂದಾ ಎಂಬ ಪಾದ್ರಿ ಆ ಪುಸ್ತಕಗಳನ್ನು ರಾಶಿ ಹಾಕಿಸಿ ಸುಡಿಸಿದ. ಸೈತಾನನ ಬರಹವಂತೆ! ಆ ಪಾದ್ರಿ ಮುಂದೆ ಬಿಷಪ್ಪನೂ ಆದ. ಒಂದು ಇಡೀ ನಾಗರಿಕತೆ ಬರೆದಿಟ್ಟ ಪುಸ್ತಕಗಳಲ್ಲಿ ಇವತ್ತು ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು. ಒಂದು ಫಾರಂ ಕೆಟ್ಟರೆ ಕಾಗದ ಹೋಯಿತಲ್ಲ ಎಂದು ಹೊಟ್ಟೆ ಉರಿದುಕೊಳ್ಳುವ ನನ್ನಂಥವನಿಗೆ ಆ ಬೆಂಕಿಯನ್ನು ನೆನೆದರೆ ಮೈ ನಡುಗುತ್ತದೆ.

ಹಾಗೆಂದು ಎಲ್ಲ ಪಾದ್ರಿಗಳೂ ಲಾಂದಾ ಆಗಿರಲಿಲ್ಲ. 1700ರ ಆಸುಪಾಸಿನಲ್ಲಿ ಚಿಚಿಕಾಸ್ತೆನಾಂಗೋ ಎಂಬ ಬೆಟ್ಟದ ಊರಿನಲ್ಲಿ ಫ್ರಾನ್ಸಿಸ್ಕೋ ಹಿಮೆನೆಸ್ ಎಂಬ ಪಾದ್ರಿ ಕಿಚೆ ಜನರ ಸೃಷ್ಟಿಕಥೆ ಪೊಪೊಲ್ ವುಹ್ ಅನ್ನು ಒಂದು ಕಡೆ ಕಿಚೆ, ಒಂದು ಕಡೆ ಸ್ಪ್ಯಾನಿಷ್ ಬರೆದು ನಕಲು ಮಾಡಿಟ್ಟ. ಆತ ಬರೆದಿಡದಿದ್ದರೆ ಅದೂ ನಮ್ಮ ಕೈಗೆ ಸಿಗುತ್ತಿರಲಿಲ್ಲ. ಸುಟ್ಟವನೂ ಚರ್ಚಿನವನೇ, ಉಳಿಸಿದವನೂ ಚರ್ಚಿನವನೇ. ಹೆರಾರ್ದಿ ಎರಡನೆಯ ದಾರಿಯವರು. ಆದರೆ ಹುಟ್ಟಿನಿಂದಲೇ ಆ ದಾರಿಗೆ ಬಂದವರಲ್ಲ.

ಹುಟ್ಟಿದ್ದು 1922ರ ಡಿಸೆಂಬರ್ 27, ರಾಜಧಾನಿ ಗ್ವಾಟೆಮಾಲಾ ನಗರದಲ್ಲಿ. ಇಟಲಿಯಿಂದ ಬಂದು ನೆಲೆಸಿದವರ ವಂಶ. ಮನೆಮಾತು ಸ್ಪ್ಯಾನಿಷ್. ಓದಿದ್ದು ಗುರುಮಠದಲ್ಲಿ, ಮುಂದೆ ಅಮೆರಿಕಾದ ನ್ಯೂ ಆರ್ಲಿಯನ್ಸಿನಲ್ಲಿ. 1946ರಲ್ಲಿ ಗುರುದೀಕ್ಷೆ. ಆಮೇಲೆ ಇಪ್ಪತ್ತು ವರ್ಷ ಹಳ್ಳಿಗಳಲ್ಲೂ ರಾಜಧಾನಿಯಲ್ಲೂ ಸಾಮಾನ್ಯ ಪಾದ್ರಿ. ಆಗಿನ ಚರ್ಚು ಬಡವರ ಪರ ನಿಂತಿದ್ದ ಚರ್ಚೇನೂ ಅಲ್ಲ. 1952ರಲ್ಲಿ ಅಧ್ಯಕ್ಷ ಆರ್ಬೆನ್ಸ್ ಉಳುವವರಿಗೆ ಭೂಮಿ ಹಂಚುವ ಕಾಯ್ದೆ ತಂದಾಗ, ಆಗಿನ ಆರ್ಚ್‌ಬಿಷಪ್ ರೊಸೆಲ್ ಆತನನ್ನು ಕಮ್ಯುನಿಸ್ಟ್ ಎಂದು ಬಹಿರಂಗವಾಗಿ ವಿರೋಧಿಸಿದರು. 1954ರಲ್ಲಿ ಅಮೆರಿಕಾದ ಸಿಐಎ ಕೈ ಹಾಕಿ ಆರ್ಬೆನ್ಸ್ ಸರ್ಕಾರವನ್ನು ಉರುಳಿಸಿತು. ಬಾಳೆಹಣ್ಣಿನ ಕಂಪನಿಗೆ ಜಮೀನು ವಾಪಸು ಬಂತು. ಆಮೇಲೆ ಬಂದದ್ದು ಮಿಲಿಟರಿ, ಮತ್ತೆ ಮಿಲಿಟರಿ. 1960ರಿಂದ 1996ರವರೆಗೆ ಮೂವತ್ತಾರು ವರ್ಷ ಅಂತರ್ಯುದ್ಧ.

1967ರಲ್ಲಿ ಹೆರಾರ್ದಿಯವರನ್ನು ವೆರಾಪಾಸ್ ಪ್ರಾಂತ್ಯದ ಬಿಷಪ್ಪರನ್ನಾಗಿ ಮಾಡಿದರು. ಕಾಫಿ ಬೆಟ್ಟಗಳ ಸೀಮೆ. ತೋಟಗಳೆಲ್ಲ ದೊಡ್ಡವರದ್ದು, ಜರ್ಮನಿಯಿಂದ ಬಂದವರು ಕಟ್ಟಿದ್ದೂ ಬಹಳ. ದುಡಿಯುವವರು ಕೆಕ್ಚಿ ಆಡುವ ಮಾಯಾ ಜನ. ನಗರದ ಸ್ಪ್ಯಾನಿಷ್ ಬಿಷಪ್ಪರು ಅಲ್ಲಿಗೆ ಹೋದಾಗ, ಅವರ ಪ್ರಾಂತ್ಯದ ಬಹುಪಾಲು ಜನಕ್ಕೆ ಅವರ ಭಾಷೆ ಬಾರದು!

ಆಗ ತಾನೇ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದಿತ್ತು. 1963ರ ಡಿಸೆಂಬರಿನಲ್ಲಿ ಆ ಸಭೆ, ಪೂಜೆಯಲ್ಲಿ ಲ್ಯಾಟಿನ್ ಜೊತೆಗೆ ಜನರ ಭಾಷೆಯನ್ನೂ ಬಳಸಬಹುದು ಎಂದು ಒಪ್ಪಿತು. ನಮ್ಮ ಕರ್ನಾಟಕದ ಚರ್ಚುಗಳಲ್ಲಿ ಬಲಿಪೂಜೆ ಕನ್ನಡದಲ್ಲಿ ಕೇಳಿಬಂದದ್ದೂ ಅದೇ ತೀರ್ಮಾನದ ಫಲ. ಆದರೆ ತೀರ್ಮಾನ ಕಾಗದದ ಮೇಲೆ ಬಂದ ಮಾತ್ರಕ್ಕೆ ಬಾಯಿಗೆ ಬರುವುದಿಲ್ಲ. ಬೆಂಗಳೂರಿನ ಕನ್ನಡ ಕ್ರೈಸ್ತರು ತಮ್ಮ ಚರ್ಚುಗಳಲ್ಲಿ ಕನ್ನಡದ ಪೂಜೆಗಾಗಿ ಎಷ್ಟು ವರ್ಷ ಬೀದಿಗಿಳಿದರೆಂದು ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಜನರ ಭಾಷೆ ಅಂದರೆ ಯಾವ ಜನರ ಭಾಷೆ? ಜಗಳ ಇರುವುದೇ ಅಲ್ಲಿ. ಗ್ವಾಟೆಮಾಲಾದಲ್ಲಿ ಲ್ಯಾಟಿನ್ ಹೋಗಿ ಸ್ಪ್ಯಾನಿಷ್ ಬಂದರೆ ಸಾಕು, ಜನರ ಭಾಷೆ ಬಂದ ಹಾಗಾಯಿತು ಎಂದು ರಾಜಧಾನಿಯಲ್ಲಿ ಕೂತವರು ಸುಲಭವಾಗಿ ಹೇಳಬಹುದಿತ್ತು.

ಹೆರಾರ್ದಿ ಹಾಗೆ ಹೇಳಲಿಲ್ಲ. ಕೆಕ್ಚಿ ಜನರ ನಡುವೆ ಕೆಕ್ಚಿಯಲ್ಲೇ ಕೆಲಸ ನಡೆಯಬೇಕೆಂದು ಹಟ ಹಿಡಿದರು. ಊರೂರಿನ ಮಾಯಾ ಜನರನ್ನೇ ಉಪದೇಶಿಗಳಾಗಿ ತಯಾರು ಮಾಡಿಸಿದರು. ಪಾದ್ರಿ ವರ್ಷಕ್ಕೊಮ್ಮೆ ಕುದುರೆ ಹತ್ತಿ ಬರುವ ಹಳ್ಳಿಯಲ್ಲಿ, ಊರಿನವನೇ ಊರಿನ ಮಾತಿನಲ್ಲಿ ಬೈಬಲ್ ಓದಿ ಅರ್ಥ ಹೇಳತೊಡಗಿದ. ಕೆಕ್ಚಿಯಲ್ಲಿ ರೇಡಿಯೋ ಕಾರ್ಯಕ್ರಮ ಬಂತು. ಕೇಳಲು ಸಣ್ಣ ಸಂಗತಿ. ಆದರೆ ಸ್ವಲ್ಪ ಯೋಚಿಸಿ. ನಾನೂರು ವರ್ಷದಿಂದ ತನ್ನ ಮಾತು ಅಡುಗೆಮನೆಗೆ, ಹೊಲಕ್ಕೆ ಮಾತ್ರ ಲಾಯಕ್ಕು ಎಂದು ನಂಬಿಸಲ್ಪಟ್ಟವನು ಒಂದು ದಿನ ದೇವರ ಎದುರು ಅದೇ ಮಾತಿನಲ್ಲಿ ನಿಲ್ಲುತ್ತಾನೆ. ದೇವರ ಹತ್ತಿರ ನಡೆಯುವ ಮಾತು ತಹಸೀಲ್ದಾರನ ಹತ್ತಿರ ಯಾಕೆ ನಡೆಯಬಾರದು ಎಂಬ ಪ್ರಶ್ನೆ ಅವನಿಗೆ ಬಂದೇ ಬರುತ್ತದೆ. ಜಮೀನಿನ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ತೋಟದ ಮಾಲೀಕರಿಗೆ, ಮಿಲಿಟರಿಗೆ ಇದು ಬೇಗ ಅರ್ಥವಾಯಿತು.

1974ರಲ್ಲಿ ಅವರನ್ನು ಕಿಚೆ ಪ್ರಾಂತ್ಯಕ್ಕೆ ಹಾಕಿದರು. ಕಿಚೆ, ಇಶೀಲ್ ಮುಂತಾದ ಭಾಷೆಗಳ ನಾಡು, ದೇಶದಲ್ಲೇ ಬಡ ಸೀಮೆ. ಕೆಲವು ವರ್ಷ ವೆರಾಪಾಸ್‌ನ ಹೊಣೆಯೂ ಅವರ ಮೇಲೇ ಇತ್ತು. 1976ರ ಫೆಬ್ರವರಿಯಲ್ಲಿ ಭೂಕಂಪವಾಗಿ ದೇಶದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದು ದೇವರ ಕೈಯ ಕೆಲಸ ಅನ್ನಬಹುದು. ಆಮೇಲೆ ನಡೆದದ್ದು ಮನುಷ್ಯರ ಕೈಯದ್ದು. ಗೆರಿಲ್ಲಾಗಳು ಬೆಟ್ಟ ಸೇರಿದ್ದರು. ಸೈನ್ಯಕ್ಕೆ ಗೆರಿಲ್ಲಾ ಸಿಗದಿದ್ದರೆ ಹಳ್ಳಿಯವನೇ ಗೆರಿಲ್ಲಾ. ಸಹಕಾರ ಸಂಘ ಕಟ್ಟಿದವನು, ಓದು ಬರಹ ಕಲಿಸಿದವನು, ಚರ್ಚಿನ ಉಪದೇಶಿ, ಎಲ್ಲರೂ ಗುಮಾನಿಯ ಪಟ್ಟಿಯಲ್ಲಿ. ಮನೆಯಲ್ಲಿ ಬೈಬಲ್ ಸಿಕ್ಕರೆ ಪ್ರಾಣಕ್ಕೆ ಅಪಾಯ ಎಂದು ಜನ ಅದನ್ನು ನೆಲದಲ್ಲಿ ಹೂತಿಟ್ಟರು. ಭಕ್ತರೆಂದು ಹೇಳಿಕೊಳ್ಳುವ ದೊರೆಗಳು ಆಳುತ್ತಿದ್ದ ದೇಶದಲ್ಲಿ!

1980ರ ಜನವರಿ 31ರಂದು ಕಿಚೆಯ ರೈತರು ರಾಜಧಾನಿಗೆ ಬಂದು, ತಮ್ಮ ಗೋಳು ಕೇಳಿ ಎಂದು ಸ್ಪೇನ್ ದೇಶದ ರಾಯಭಾರ ಕಚೇರಿ ಹೊಕ್ಕು ಕುಳಿತರು. ಪೊಲೀಸರು ಮುತ್ತಿದರು. ಕಟ್ಟಡಕ್ಕೆ ಬೆಂಕಿ ಬಿತ್ತು. ಮೂವತ್ತಾರಕ್ಕೂ ಹೆಚ್ಚು ಜನ ಒಳಗೇ ಬೆಂದರು. ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ತಾ ಮೆಂಚು ಅವರ ತಂದೆಯೂ ಅಲ್ಲೇ ಸತ್ತರು. ಅದೇ ವರ್ಷ ಜೂನ್‌ನಲ್ಲಿ ಕಿಚೆಯ ಒಬ್ಬ ಪಾದ್ರಿಯ ಕೊಲೆ. ಜುಲೈನಲ್ಲಿ ಇನ್ನೊಬ್ಬರದ್ದು. ಬಿಷಪ್ಪರು ಹೋಗುವ ದಾರಿಯಲ್ಲೂ ಹೊಂಚು ಹಾಕಿ ಕೂತಿದ್ದರು. ಸುಳಿವು ಸಿಕ್ಕಿ ತಪ್ಪಿಸಿಕೊಂಡರು.

ಆಗ ಹೆರಾರ್ದಿ ತೆಗೆದುಕೊಂಡ ತೀರ್ಮಾನದ ಬಗ್ಗೆ ಇವತ್ತಿಗೂ ವಾದ ಇದೆ. ಪಾದ್ರಿಗಳನ್ನು, ಸನ್ಯಾಸಿನಿಯರನ್ನು ಕೂರಿಸಿಕೊಂಡು ಮಾತಾಡಿ, ಇಡೀ ಧರ್ಮಪ್ರಾಂತ್ಯದ ಬಾಗಿಲು ಹಾಕಿಸಿದರು. ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದರು. ಚರ್ಚುಗಳಿಗೆ ಬೀಗ. ಒಂದು ಕಡೆಯಿಂದ ನೋಡಿದರೆ ಅದು ಪ್ರತಿಭಟನೆ. ಇಲ್ಲಿ ಕೊಲೆ ನಡೆಯುತ್ತಿದೆ ಎಂದು ಜಗತ್ತಿಗೆ ಕೂಗಿ ಹೇಳಿದ ಹಾಗೆ. ಇನ್ನೊಂದು ಕಡೆಯಿಂದ? ಪಾದ್ರಿಗಳಿಗೆ ಹೋಗಲು ರಾಜಧಾನಿ ಇತ್ತು, ಬೇರೆ ದೇಶ ಇತ್ತು. ಜೋಳದ ಹೊಲ ಬಿಟ್ಟು ಉಪದೇಶಿ ಎಲ್ಲಿಗೆ ಹೋಗಬೇಕು? 1981ರಿಂದ 83ರವರೆಗೆ ಸೈನ್ಯ ಊರಿಗೆ ಊರನ್ನೇ ಸುಟ್ಟಾಗ ಅಲ್ಲಿ ಇದ್ದವರು ಅವರೇ. ಪಾದ್ರಿಗಳ ಜೀವ ಉಳಿಸುವ ಹೊಣೆ ಬಿಷಪ್ಪರದ್ದು, ಒಪ್ಪುತ್ತೇನೆ. ಆದರೂ ಬೀಗ ಹಾಕಿದ ಆ ಬಾಗಿಲು ಅವರ ಎದೆಯಲ್ಲಿ ಚುಚ್ಚುತ್ತಲೇ ಇದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ. ಮುಂದೆ ಅವರು ಮಾಡಿದ ಕೆಲಸ ನೋಡಿದರೆ ಹಾಗೆ ಅನ್ನಿಸದೆ ಇರದು.

ಆಮೇಲೆ ರೋಮಿಗೆ ಹೋಗಿ ಪೋಪರಿಗೆ ದೇಶದ ಸ್ಥಿತಿ ತಿಳಿಸಿದರು. ವಾಪಸು ಬಂದರೆ ವಿಮಾನ ನಿಲ್ದಾಣದಲ್ಲೇ ತಡೆದು, ಒಳಗೆ ಬಿಡಲಿಲ್ಲ. ತನ್ನದೇ ದೇಶ! ದೇಶದ ಬಿಷಪ್ಪರ ಮಂಡಳಿಯ ಅಧ್ಯಕ್ಷರಾಗಿದ್ದವರು! ಪಕ್ಕದ ಎಲ್ ಸಾಲ್ವಡಾರ್ ಕೂಡ ಆಶ್ರಯ ಕೊಡಲಿಲ್ಲ. ಕೋಸ್ಟಾರಿಕಾ ಕೊಟ್ಟಿತು. 1982ರಲ್ಲಿ ಸರ್ಕಾರ ಬದಲಾದ ಮೇಲೆ ಮರಳಿದರು. ಕಿಚೆಯ ಗದ್ದುಗೆ ಬಿಟ್ಟುಕೊಟ್ಟು, 1984ರಲ್ಲಿ ರಾಜಧಾನಿಯ ಧರ್ಮಪ್ರಾಂತ್ಯಕ್ಕೆ ಸಹಾಯಕ ಬಿಷಪ್ಪರಾದರು. ಸಾನ್ ಸೆಬಾಸ್ತಿಯಾನ್ ಧರ್ಮಕೇಂದ್ರವೂ ಅವರದ್ದೇ. ಬಡ್ತಿಯ ಲೆಕ್ಕ ಹಾಕುವವರ ಕಣ್ಣಿಗೆ ಇದು ಇಳಿತ. ಅರವತ್ತು ದಾಟಿದ ಮನುಷ್ಯ, ಯಾರದೋ ಕೈಕೆಳಗೆ.

ಆದರೆ ಅವರ ಬದುಕಿನ ದೊಡ್ಡ ಕೆಲಸ ನಡೆದದ್ದು ಈ 'ಸಹಾಯಕ' ಕುರ್ಚಿಯಿಂದಲೇ. ಆರ್ಚ್‌ಬಿಷಪ್ ಪೆನಾದೋಸ್ ಅವರ ಬೆಂಬಲದಿಂದ ಚರ್ಚಿನ ಮಾನವ ಹಕ್ಕುಗಳ ಕಚೇರಿಯನ್ನು ಕಟ್ಟಿ ನಡೆಸಿದರು. ಸರ್ಕಾರಕ್ಕೂ ಗೆರಿಲ್ಲಾಗಳಿಗೂ ಸಂಧಾನದ ಮಾತು ನಡೆದಿದ್ದ ಕಾಲ. 1994ರಲ್ಲಿ ಇಬ್ಬರೂ ಸೇರಿ ಸತ್ಯಶೋಧನಾ ಆಯೋಗವೊಂದಕ್ಕೆ ಒಪ್ಪಿದರು. ಒಪ್ಪಂದದ ಒಳಗೊಂದು ಮೊಳೆ ಇತ್ತು. ಆಯೋಗ ಏನಾಯಿತು ಎಂದು ಹೇಳಬಹುದು, ಯಾರು ಮಾಡಿದರು ಎಂದು ಹೆಸರು ಹಿಡಿದು ಹೇಳುವಂತಿಲ್ಲ. ಕಳ್ಳತನ ಆಗಿದೆ, ಕಳ್ಳ ಇಲ್ಲ!

ಹೆರಾರ್ದಿಯವರು ಆಯೋಗಕ್ಕೆ ಕಾಯಲಿಲ್ಲ. ನಾವೇ ಕೇಳೋಣ ಎಂದರು. ಚಾರಿತ್ರಿಕ ನೆನಪನ್ನು ಮರಳಿ ಪಡೆಯುವ ಯೋಜನೆ ಎಂದು ಅದಕ್ಕೆ ಹೆಸರು. 1995ರಲ್ಲಿ ಕೆಲಸ ಶುರುವಾಯಿತು. ಇನ್ನೂ ಯುದ್ಧ ನಿಂತಿರಲಿಲ್ಲ. ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1996ರ ಡಿಸೆಂಬರ್ 29ಕ್ಕೆ.

ಗೆಳೆಯರೇ, ಈ ಕೆಲಸ ಹೇಗೆ ನಡೆಯಿತೆಂದು ಗಮನ ಇಟ್ಟು ಓದಿ. ರಾಜಧಾನಿಯಿಂದ ಪ್ರೊಫೆಸರರು, ವಕೀಲರು ಜೀಪು ಹತ್ತಿ ಹೋಗಿ ಸ್ಪ್ಯಾನಿಷ್‌ನಲ್ಲಿ ಪ್ರಶ್ನೆ ಕೇಳಿದ್ದರೆ ಏನಾಗುತ್ತಿತ್ತು? ಹಳ್ಳಿಯವನು ಟೋಪಿ ಕೈಯಲ್ಲಿ ಹಿಡಿದು, ಹೌದು ಸ್ವಾಮಿ, ಇಲ್ಲ ಸ್ವಾಮಿ ಎಂದು ಹೇಳಿ ಕಳಿಸುತ್ತಿದ್ದ. ಸ್ಪ್ಯಾನಿಷ್ ಅಂದರೆ ಅವನ ಮಟ್ಟಿಗೆ ಪೊಲೀಸರ ಭಾಷೆ, ಸೈನಿಕರ ಭಾಷೆ. ಮಗನನ್ನು ಎಳೆದೊಯ್ದವರು ಬೈದ ಭಾಷೆ. ಅದೇ ಭಾಷೆಯಲ್ಲಿ, ಅಳುಕದೆ ಹೇಳಪ್ಪ ಎಂದರೆ ಯಾರು ಹೇಳುತ್ತಾರೆ?

ಹಾಗಾಗಿ ಧರ್ಮಕೇಂದ್ರಗಳಿಂದಲೇ ನೂರಾರು ಜನರನ್ನು ಆರಿಸಿ ತರಬೇತಿ ಕೊಟ್ಟರು. ಅವರಲ್ಲಿ ಬಹಳ ಮಂದಿ ಮಾಯಾ ಭಾಷೆ ಆಡುವವರೇ. ಹೆಗಲಿಗೆ ಟೇಪ್ ರೆಕಾರ್ಡರ್ ಹಾಕಿಕೊಂಡು ಬೆಟ್ಟ ಹತ್ತಿದರು. ಒಲೆ ಮುಂದೆ ಕೂತರು. ಏನಾಯಿತು? ಯಾವಾಗ? ಎಲ್ಲಿ? ಯಾರು ಮಾಡಿದರು? ಆಮೇಲೆ ನೀವು ಹೇಗೆ ಬದುಕಿದಿರಿ? ಇದೆಲ್ಲ ಯಾಕೆ ಆಯಿತು ಎಂದು ನಿಮಗೆ ಅನ್ನಿಸುತ್ತದೆ? ಕೊನೆಯ ಪ್ರಶ್ನೆ ನೋಡಿ. ಅಕ್ಷರ ಬಾರದ ಹೆಂಗಸಿಗೆ, ನಿನ್ನ ಅಭಿಪ್ರಾಯ ಏನಮ್ಮ ಎಂದು ಈ ದೇಶದ ಚರಿತ್ರೆಯ ಬಗ್ಗೆ ಕೇಳಿದವರು ಅಲ್ಲಿಯವರೆಗೆ ಯಾರಿದ್ದರು? ಹದಿನೈದು ವರ್ಷದಿಂದ ಬಾಯಿ ಕಟ್ಟಿ ಕೂತವರು ತಮ್ಮ ತಮ್ಮ ಮಾತಿನಲ್ಲಿ ಹೇಳತೊಡಗಿದರು. ಹೆಣ ಎಲ್ಲಿ ಹೂತಿದೆ ಎಂದು ಹೇಳಿದರು. ಹೆಣವೇ ಸಿಗದವರು ಅದನ್ನು ಹೇಳಿದರು. ಸೈನ್ಯ ಕೋವಿ ತೋರಿಸಿ ಹಳ್ಳಿಯವರನ್ನೇ ಕಾವಲು ಪಡೆಗೆ ಸೇರಿಸಿಕೊಂಡು, ನೆರೆಯವನ ಕೈಯಲ್ಲಿ ನೆರೆಯವನನ್ನು ಕೊಲ್ಲಿಸಿತ್ತು. ಕೊಂದವರಲ್ಲೂ ಕೆಲವರು ಬಂದು ಹೇಳಿಕೊಂಡರು.

ಐದು ಸಾವಿರಕ್ಕೂ ಹೆಚ್ಚು ಸಾಕ್ಷ್ಯ. ಹೆಚ್ಚಿನವು ಮಾಯಾ ಭಾಷೆಗಳಲ್ಲಿ. ಟೇಪಿನಿಂದ ಕಾಗದಕ್ಕೆ ಇಳಿಸಬೇಕು. ಅದರಿಂದ ಸ್ಪ್ಯಾನಿಷ್‌ಗೆ ತರಬೇಕು. ನಾಲ್ಕು ಸಂಪುಟ, ಸುಮಾರು 1,400 ಪುಟ. ಐವತ್ತು ಸಾವಿರಕ್ಕೂ ಹೆಚ್ಚು ಸಂತ್ರಸ್ತರು. 422 ಸಾಮೂಹಿಕ ಹತ್ಯೆ, ಅರ್ಧಕ್ಕಿಂತ ಹೆಚ್ಚು ಕಿಚೆಯಲ್ಲೇ. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ದೌರ್ಜನ್ಯ ಸೈನ್ಯ ಮತ್ತು ಅದು ಸಾಕಿದ ಪಡೆಗಳದ್ದು ಎಂದು ಲೆಕ್ಕ ಹಾಕಿ ಬರೆದರು. ಗೆರಿಲ್ಲಾಗಳು ಮಾಡಿದ್ದನ್ನೂ ಬಿಡದೆ ಬರೆದರು. ಪುಸ್ತಕದ ಹೆಸರು 'ಗ್ವಾಟೆಮಾಲಾ: ಇನ್ನೆಂದೂ ಬೇಡ' ಎಂಬ ಅರ್ಥದ್ದು.

ನಾಲ್ಕನೇ ಸಂಪುಟದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಅದು ಸಂತ್ರಸ್ತರ ಸಂಪುಟ. ಹೆಸರುಗಳು. ಪುಟದಿಂದ ಪುಟಕ್ಕೆ ಹೆಸರುಗಳು. ಸಾಹಿತಿಗಳು ಇದನ್ನು ಪುಸ್ತಕ ಎಂದು ಒಪ್ಪುತ್ತಾರೋ ಇಲ್ಲವೋ, ಪ್ರೆಸ್ಸಿನವನಿಗೆ ಇದರ ತೂಕ ಗೊತ್ತು. ನಮ್ಮ ಪ್ರೆಸ್ಸಿಗೆ ತಿಥಿ ಕಾರ್ಡು ಮಾಡಿಸಲು ಬರುವವರು ಪ್ರೂಫ್ ಕೊಟ್ಟ ತಕ್ಷಣ ಮೊದಲು ನೋಡುವುದು ತೀರಿಕೊಂಡವರ ಹೆಸರು. ಓದು ಬಾರದ ತಾಯಂದಿರು ಪಕ್ಕದವರ ಕೈಲಿ ಓದಿಸಿ, ಸರಿಯಾಗಿ ಬಂದಿದೆಯಾ ಎಂದು ಎರಡು ಸಲ ಕೇಳಿ, ಆ ಅಕ್ಷರಗಳ ಮೇಲೆ ಬೆರಳು ಆಡಿಸುತ್ತಾರೆ. ಒಂದು ಕೊಂಬು ಹೋಗಿದ್ದರೂ ಆಗದು. ತಾರೀಕು ತಪ್ಪಿದರೆ ಸಹಿಸುತ್ತಾರೆ, ಹೆಸರು ತಪ್ಪಿದರೆ ಸಹಿಸುವುದಿಲ್ಲ. ಅಲ್ಲಿ ಸಾವಿರಾರು ಜನಕ್ಕೆ ತಿಥಿಯೂ ಇಲ್ಲ, ಸಮಾಧಿಯೂ ಇಲ್ಲ. ಸತ್ತರು ಎಂದು ಬರೆದ ಒಂದು ಚೀಟಿಯೂ ಇಲ್ಲ. ಹೆಸರು ಅಚ್ಚಾದದ್ದು ಆ ಪುಸ್ತಕದಲ್ಲೇ. ಮುಂದೆ ಆ ಹೆಸರುಗಳನ್ನು ರಾಜಧಾನಿಯ ಪ್ರಧಾನಾಲಯದ ಮುಂದಿನ ಕಂಬಗಳ ಮೇಲೂ ಕೆತ್ತಿಸಿದ್ದಾರೆ.

ಈ ಪುಸ್ತಕ ಹೊರಬಂದ ಎರಡನೇ ರಾತ್ರಿ ಆ ಕಾಂಕ್ರೀಟ್ ಕಲ್ಲು.

ಕೊಲೆಯಾದ ಜಾಗ ಅಧ್ಯಕ್ಷರ ಅರಮನೆಗೆ, ಅಧ್ಯಕ್ಷರ ರಕ್ಷಣಾ ಪಡೆಯ ಕಚೇರಿಗೆ ಕೆಲವೇ ಬೀದಿ ದೂರ. ತನಿಖೆಯ ನಾಟಕ ಕೇಳಬೇಕು ನೀವು. ಕುಡುಕನೊಬ್ಬ ಮಾಡಿದ ಎಂದರು. ಕಳ್ಳರು ಅಂದರು. ಬಾಯಿಬಿಟ್ಟು ಹೇಳಲಾಗದ ಕೊಳಕು ಕಥೆಗಳನ್ನು ಹರಡಿದರು. ಕೊನೆಗೆ ಅದೇ ಮನೆಯಲ್ಲಿದ್ದ ಇನ್ನೊಬ್ಬ ಪಾದ್ರಿ ಓರಾಂತೆಸ್‌ನ ಮುದಿ ನಾಯಿ ಕಚ್ಚಿ ಕೊಂದಿತು ಎಂದರು! ಸ್ಪೇನಿನಿಂದ ಬಂದ ತಜ್ಞನೊಬ್ಬ ಫೋಟೋ ನೋಡಿ, ತಲೆಬುರುಡೆಯ ಮೇಲೆ ನಾಯಿ ಹಲ್ಲಿನ ಗುರುತು ಇದೆ ಎಂದ. ಬಾಲೂ ಎಂಬ ಆ ನಾಯಿಯನ್ನು ಬಂಧಿಸಿದರು. ಹೂತ ಹೆಣವನ್ನು ಹೊರತೆಗೆದು ನೋಡಿದರೆ ನಾಯಿ ಕಡಿತವೂ ಇಲ್ಲ, ಏನೂ ಇಲ್ಲ. ನಗು ಬರುತ್ತದೆ, ನಿಜ. ಆದರೆ ನಗಿಸುವುದೇ ಉದ್ದೇಶ. ಜನ ನಾಯಿಯ ಬಗ್ಗೆ ಮಾತಾಡಿದಷ್ಟು ಹೊತ್ತು ಆ 1,400 ಪುಟದ ಬಗ್ಗೆ ಮಾತಾಡುವುದಿಲ್ಲ.

ಚರ್ಚಿನ ಕಚೇರಿಯ ಹುಡುಗರು ಬಿಡಲಿಲ್ಲ. ಸಾಕ್ಷಿಗಳು, ಸರ್ಕಾರಿ ವಕೀಲರು ಜೀವಭಯದಿಂದ ದೇಶ ಬಿಟ್ಟು ಓಡಿದರು. 2001ರ ಮಾರ್ಚ್‌ನಲ್ಲಿ ವಿಚಾರಣೆ ಶುರುವಾಗುವ ಹಿಂದಿನ ರಾತ್ರಿ, ಮೂವರು ನ್ಯಾಯಾಧೀಶರಲ್ಲಿ ಒಬ್ಬರಾದ ಯಾಸ್ಮಿನ್ ಬಾರ್ರಿಯೋಸ್ ಅವರ ಮನೆಯ ಹಿತ್ತಲಿಗೆ ಗ್ರೆನೇಡ್ ಎಸೆದರು. ಮಾರನೇ ದಿನ ಆಯಮ್ಮ ಕೋರ್ಟಿಗೆ ಬಂದು ಕೂತರು. ಜೂನ್ 8ಕ್ಕೆ ತೀರ್ಪು. ಕರ್ನಲ್ ಲಿಮಾ ಎಸ್ತ್ರಾದಾ, ಅವನ ಮಗ ಕ್ಯಾಪ್ಟನ್ ಲಿಮಾ ಒಲಿವಾ, ವಿಯಾನುಯೆವಾ ಎಂಬ ಸೈನಿಕ, ಮೂವರಿಗೂ ಮೂವತ್ತು ವರ್ಷ. ಪಾದ್ರಿ ಓರಾಂತೆಸ್‌ಗೆ ಇಪ್ಪತ್ತು ವರ್ಷ. ಆ ದೇಶದಲ್ಲಿ ಇಂಥ ಕೊಲೆಗೆ ಸೇನಾಧಿಕಾರಿಗಳನ್ನು ಸಾಮಾನ್ಯ ಕೋರ್ಟಿನಲ್ಲಿ ನಿಲ್ಲಿಸಿ ಶಿಕ್ಷೆ ಕೊಟ್ಟದ್ದು ಅದೇ ಮೊದಲು. ವಿಯಾನುಯೆವಾ 2003ರಲ್ಲಿ ಜೈಲಿನ ದಂಗೆಯಲ್ಲಿ ಸತ್ತ. ಅಪ್ಪ ಮಗನ ಶಿಕ್ಷೆ ಮೇಲ್ಮನವಿಯಲ್ಲಿ ಇಪ್ಪತ್ತು ವರ್ಷಕ್ಕೆ ಇಳಿಯಿತು. ಮಗನೂ 2016ರಲ್ಲಿ ಜೈಲಿನಲ್ಲೇ ಕೊಲೆಯಾದ. ಕೊಲ್ಲಿಸಿದವರು ಯಾರು? ಆ ಹೆಸರಿಗೆ ಇನ್ನೂ ಶಿಕ್ಷೆ ಬಿದ್ದಿಲ್ಲ.

ಸರ್ಕಾರ ಒಪ್ಪಿದ ಆ ಸತ್ಯಶೋಧನಾ ಆಯೋಗ 1999ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಹೆರಾರ್ದಿಯವರ ಪುಸ್ತಕ ಉತ್ಪ್ರೇಕ್ಷೆ ಎಂದಿದ್ದವರ ಬಾಯಿ ಮುಚ್ಚಿತು. ಸತ್ತವರು, ಕಾಣೆಯಾದವರು ಎರಡು ಲಕ್ಷಕ್ಕೂ ಹೆಚ್ಚು. ಗುರುತಿಸಲಾದ ಸಂತ್ರಸ್ತರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಕೆಲವು ಸೀಮೆಗಳಲ್ಲಿ ನಡೆದದ್ದು ಜನಾಂಗ ಹತ್ಯೆಯೇ ಎಂದು ಬರೆಯಿತು.

ಇನ್ನು ಭಾಷೆಗಳ ಗತಿ. 1985ರ ಅವರ ಸಂವಿಧಾನದಲ್ಲಿ ಒಂದು ಕಲಮು ಇದೆ. ಅಧಿಕೃತ ಭಾಷೆ ಸ್ಪ್ಯಾನಿಷ್. ದೇಶೀ ಭಾಷೆಗಳೋ, ಅವು ರಾಷ್ಟ್ರದ ಸಾಂಸ್ಕೃತಿಕ ಪರಂಪರೆಯ ಭಾಗ. ಎಂಥ ಗೌರವ! ಗೋಡೆಗೆ ನೇತು ಹಾಕಿದ ಅಜ್ಜನ ಫೋಟೋಗೂ ಇದೇ ಗೌರವ. ಹಾರ ಹಾಕುತ್ತೇವೆ, ಮಾತು ಕೇಳುವುದಿಲ್ಲ. ಶಾಂತಿ ಒಪ್ಪಂದದಂತೆ ಇದನ್ನು ಬದಲಿಸಲು 1999ರ ಮೇ 16ರಂದು ಜನಮತ ಕೇಳಿದರು. ಮತ ಹಾಕಲು ಬಂದವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಬೇಡ ಎಂಬುದೇ ಗೆದ್ದಿತು. 2003ರಲ್ಲಿ ಭಾಷಾ ಕಾಯ್ದೆ ಬಂದು ಮಾಯಾ ಭಾಷೆಗಳು ರಾಷ್ಟ್ರೀಯ ಭಾಷೆಗಳಾದವು. ಅಧಿಕೃತ ಭಾಷೆ ಮಾತ್ರ ಅದೇ ಸ್ಪ್ಯಾನಿಷ್.

ಕಾಯ್ದೆ ಪುಸ್ತಕದಲ್ಲಿ ನಡೆಯದ್ದು ಒಂದು ಕೋರ್ಟಿನ ಕೋಣೆಯಲ್ಲಿ ನಡೆಯಿತು. 2013ರ ಮಾರ್ಚ್. ಕಟಕಟೆಯಲ್ಲಿ 1982-83ರಲ್ಲಿ ದೇಶ ಆಳಿದ ಜನರಲ್ ರಿಯೋಸ್ ಮಾಂಟ್, ಎಂಬತ್ತು ದಾಟಿದ ಮುದುಕ. ಆರೋಪ, ಹೆರಾರ್ದಿಯವರ ಹಳೆಯ ಕಿಚೆ ಪ್ರಾಂತ್ಯದ 1,771 ಇಶೀಲ್ ಜನರ ಹತ್ಯೆ. ಪೀಠದ ಮೇಲೆ ಅದೇ ಯಾಸ್ಮಿನ್ ಬಾರ್ರಿಯೋಸ್. ಬೆಟ್ಟದಿಂದ ಇಳಿದು ಬಂದ ಸಾಕ್ಷಿಗಳು ಒಬ್ಬೊಬ್ಬರಾಗಿ ನಿಂತರು. ಹೆಂಗಸರು ಮುಖಕ್ಕೆ ಶಾಲು ಮುಚ್ಚಿಕೊಂಡು ನಿಂತರು. ತಮ್ಮ ಮೇಲೆ ಸೈನಿಕರು ಮಾಡಿದ್ದನ್ನು, ಮಕ್ಕಳನ್ನು ಕೊಂದದ್ದನ್ನು ಇಶೀಲ್ ಭಾಷೆಯಲ್ಲೇ ಹೇಳಿದರು. ಪಕ್ಕದಲ್ಲಿ ಕೂತ ದುಭಾಷಿ ಅದನ್ನು ಸ್ಪ್ಯಾನಿಷ್‌ಗೆ ತಿರುಗಿಸುತ್ತಿದ್ದ.

ಆ ದಿನಗಳ ಫೋಟೋಗಳಿವೆ. ಇಡೀ ದೇಶಕ್ಕೆ ಸ್ಪ್ಯಾನಿಷ್‌ನಲ್ಲಿ ಅಪ್ಪಣೆ ಕೊಡುತ್ತಿದ್ದ ಜನರಲ್ಲು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾನೆ, ಇಶೀಲ್ ಹೆಂಗಸು ಏನು ಹೇಳುತ್ತಿದ್ದಾಳೆಂದು ತಿಳಿಯಲು.

ಮೇ 10ಕ್ಕೆ ಎಂಬತ್ತು ವರ್ಷ ಶಿಕ್ಷೆ ಎಂದು ತೀರ್ಪು ಬಂತು. ಹತ್ತೇ ದಿನದಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮರುವಿಚಾರಣೆ ಮುಗಿಯುವ ಮೊದಲೇ, 2018ರ ಏಪ್ರಿಲ್ 1ರಂದು ಜನರಲ್ಲು ಸತ್ತ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪೀಠ, ಇಶೀಲ್ ಜನರ ಜನಾಂಗ ಹತ್ಯೆ ನಡೆದದ್ದು ನಿಜ ಎಂದು ಮತ್ತೆ ಬರೆಯಿತು.